ನಲವತ್ತಾರರಲ್ಲಿ ಆಪಾ ಹಾಕಿದ ಅರ್ಜಿ

ಕಳೆದ ತಿಂಗಳು ಆಪಾ ನಮ್ಮ ಆಸ್ಪತ್ರೆ ಬಿಟ್ಟರು. ವಿಜಯಪುರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ. ಐವತ್ತಮೂರನೆಯ ವಯಸ್ಸಿನಲ್ಲಿ ತವರೂರಿಗೆ ಹೊರಟರು. ಬೀಳ್ಕೊಡುಗೆಯ ದಿನ ಐಸಿಯು ಪಕ್ಕದ ಚಿಕ್ಕ ಕೋಣೆಗೆ ಕೇಕು ತರಿಸಿದ್ದೆವು. ಬೇಕರಿಯವನು ಅದರ ಮೇಲೆ ಅವರ ಹೆಸರನ್ನು ತನಗೆ ತೋಚಿದ ಹಾಗೆ ಬರೆದಿದ್ದ. ಆಪಾ ಬಗ್ಗಿ ನೋಡಿ, "ಇದು ನಾಕನೇದ್ದು," ಅಂದರು. ಹೊಸ ಹುಡುಗಿಯರಿಗೆ ಅರ್ಥವಾಗಲಿಲ್ಲ. ನಾನೊಬ್ಬಳೇ ನಕ್ಕೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಒಂದು, ನರ್ಸಿಂಗ್ ಡಿಪ್ಲೊಮಾದಲ್ಲಿ ಇನ್ನೊಂದು, ಮದುವೆಯಾದ ಮೇಲೆ ಓದಿ ಪಡೆದ ಡಿಗ್ರಿಯಲ್ಲಿ ಮತ್ತೊಂದು, ಹೀಗೆ ಅವರ ಹೆಸರಿಗೆ ಆಗಲೇ ಮೂರು ಸ್ಪೆಲ್ಲಿಂಗ್ ಇದ್ದವು. ಆದ್ದರಿಂದ ನಾನೂ ಇಲ್ಲಿ ಹೆಸರಿನ ಗೊಡವೆಗೆ ಹೋಗುವುದಿಲ್ಲ. ಇಡೀ ಆಸ್ಪತ್ರೆಗೆ ಅವರು ಆಪಾ, ಅಂದರೆ ಅಕ್ಕ.

ನಾನು ಅವರನ್ನು ಮೊದಲು ಕಂಡದ್ದು ನನ್ನ ಕೆಲಸದ ಮೊದಲ ದಿನ. ಕಾರ್ಕಳದ ಹತ್ತಿರದ ಹಳ್ಳಿಯವಳು ನಾನು. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಜೋಗೇಶ್ವರಿಯಲ್ಲಿ ಹೋಟೆಲ್ ಮ್ಯಾನೇಜರ್ ಆಗಿದ್ದ ಮಾವನ ಮನೆಗೆ ಬಂದಿದ್ದೆ. ಪವಾಯಿ ಕಡೆ ಹೋಗುವ ಲಿಂಕ್ ರೋಡಿನಲ್ಲಿದ್ದ ಈ ಆಸ್ಪತ್ರೆಯ ಐಸಿಯುನಲ್ಲಿ ನೇಮಕವಾಯಿತು. ಹಿಂದಿ ತಡವರಿಸುತ್ತಿತ್ತು, ಮರಾಠಿ ಸುತರಾಂ ಬಾರದು. ಒಬ್ಬ ರೋಗಿಯ ಹೆಂಡತಿ ಏನೋ ಕೇಳಿದಾಗ ಉತ್ತರ ತೋಚದೆ "ಅಯ್ಯೋ ದೇವರೇ, ಎಂತ ಹೇಳುದು ಇವರಿಗೆ" ಎಂದು ನನ್ನಷ್ಟಕ್ಕೆ ಗೊಣಗಿಕೊಂಡೆ. ಪಕ್ಕದ ಪರದೆಯ ಆಚೆಯಿಂದ ಒಂದು ದನಿ ಬಂತು.

"ಯಾ ಊರಾಕಿ ನೀ?"

ಪರದೆ ಸರಿಯಿತು. ಗಿಡ್ಡನೆಯ, ದುಂಡು ಮುಖದ ಹೆಂಗಸು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದರು.

"ಕಾರ್ಕಳ ಮೇಡಂ," ಅಂದೆ.

"ಮೇಡಂ ಅನಬ್ಯಾಡ. ಮೇಡಂನೋರು ಮ್ಯಾಲಿನ ಮಾಳಿಗ್ಯಾಗ ಎಸಿ ಹಚ್ಚಿಕೊಂಡು ಕುಂತಾರ. ಆಪಾ ಅನ್ನು. ಆಕಿ ಕೇಳಿದ್ದು, ಗಂಡಗ ನೀರು ಕುಡಿಸಬಹುದಾ ಅಂತ. ಸಂಜೀತನಕ ಬ್ಯಾಡ ಅಂತ ಹೇಳು."

ಅಂದಿನಿಂದ ನನ್ನ ಹಿಂದಿ, ಮರಾಠಿ, ಐಸಿಯು ಕೆಲಸ ಮೂರೂ ಅವರ ಕೈಯಲ್ಲೇ ಬೆಳೆದವು. ನಾವಿಬ್ಬರೂ ಜೋಗೇಶ್ವರಿಯವರೇ ಆದ್ದರಿಂದ ಒಂದೇ ಬಸ್ಸು. ಅವರ ಗಂಡನಿಗೆ ಸ್ಟೇಷನ್ ಹತ್ತಿರ ಟೈಲರ್ ಅಂಗಡಿ. ಮಗಳು ಬಿಕಾಂ ಓದುತ್ತಿದ್ದಳು.

ಆಪಾ ಡ್ಯೂಟಿಗೆ ಬಂದರೆ ಮೊದಲು ಎರಡೂ ಅಂಗೈಗಳನ್ನು ಗಸಗಸ ಉಜ್ಜಿ ಬಿಸಿ ಮಾಡಿಕೊಳ್ಳುವರು. ಆಮೇಲೆ ಒಂದೊಂದೇ ಹಾಸಿಗೆಯ ಹತ್ತಿರ ಹೋಗಿ ಹೊದಿಕೆಯೊಳಗೆ ಕೈ ಹಾಕಿ ರೋಗಿಯ ಕಾಲ್ಬೆರಳು ಮುಟ್ಟಿ ನೋಡುವರು. ಮಾನಿಟರ್ ಕಡೆ ಕಣ್ಣು ಹೋಗುತ್ತಿದ್ದುದು ಆಮೇಲೆ. ಮೈಯಲ್ಲಿ ರಕ್ತದ ಓಟ ಕಡಿಮೆಯಾಗತೊಡಗಿದಾಗ ದೇಹ ಮೊದಲು ಕೈಬಿಡುವುದು ಕಾಲ್ಬೆರಳನ್ನು ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಅವರು ಅದನ್ನು ಇಪ್ಪತ್ತು ವರ್ಷ ಮುಟ್ಟಿ ಮುಟ್ಟಿ ಕಲಿತಿದ್ದರು. ಪ್ರಜ್ಞೆ ಇಲ್ಲದ ರೋಗಿಯ ಜೊತೆಗೂ ಮಾತಾಡುತ್ತಿದ್ದರು. "ಚಾಚಾ, ಈಗ ಮಗ್ಗಲಾ ತಿರುಗಸ್ತೀನಿ. ಸ್ವಲ್ಪ ನೋವಾಗ್ತದ. ಬೈಬ್ಯಾಡ್ರಿ." ಕನ್ನಡ ಬಾರದ ಚಾಚಾನಿಗೂ ಕೆಲವೊಮ್ಮೆ ಕನ್ನಡವೇ ಬೀಳುತ್ತಿತ್ತು. ಕೇಳಿದರೆ, "ದನಿ ತಿಳೀತದವಾ ಅವರಿಗೆ," ಅನ್ನುತ್ತಿದ್ದರು.

ಡಬ್ಬಿಯಲ್ಲಿ ದಿನಾಲೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ. ನನ್ನ ಡಬ್ಬಿಯ ನೀರುದೋಸೆ ನೋಡಿ, "ಇದನ್ನ ತಿಂದು ಹನ್ನೆರಡು ತಾಸು ಹ್ಯಾಂಗ ನಿಲ್ತೀರೋ ನೀವು," ಎಂದು ಮರುಗುತ್ತಿದ್ದರು. ನಾನು ಸೇರಿ ಎರಡು ವರ್ಷವಾದ ಮೇಲೆ, ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವರು ಮೊಬೈಲ್ ನನ್ನ ಮುಂದೆ ಹಿಡಿದರು. ನಗರದ ಇನ್ನೊಂದು ತುದಿಯ ನರ್ಸಿಂಗ್ ಕಾಲೇಜಿನ ಪ್ರಕಟಣೆ. ಎರಡು ವರ್ಷದ ಸ್ನಾತಕೋತ್ತರ ಕೋರ್ಸು. ಮುಗಿಸಿದವರು ನರ್ಸ್ ಪ್ರಾಕ್ಟೀಷನರ್. ಅಂಥ ನರ್ಸು, ಆಸ್ಪತ್ರೆ ಬರೆದು ಒಪ್ಪಿಕೊಂಡ ನಿಯಮಗಳೊಳಗೆ ರೋಗಿಯನ್ನು ತಾನೇ ಪರೀಕ್ಷಿಸಿ, ರಕ್ತ ಪರೀಕ್ಷೆಗೆ ಬರೆದು, ಕೆಲವು ಚಿಕಿತ್ಸೆಗಳನ್ನು ಡಾಕ್ಟರಿಗೆ ಕಾಯದೆ ಶುರು ಮಾಡಬಹುದು.

"ಅರ್ಜಿ ಹಾಕ್ತೀರಾ?" ಎಂದು ಕೇಳಿದರು. ನನ್ನನ್ನು ಉದ್ದೇಶಿಸಿ ಅವರು ಬಹುವಚನ ಬಳಸಿದ್ದು ವಿಚಿತ್ರವೆನಿಸಿತು.

"ನಾನಾ? ನನಗಿನ್ನೂ ಅನುಭವ ಸಾಲದು ಆಪಾ."

"ನಿನಗಲ್ಲ. ನನಗ ನಾನೇ ಕೇಳಿಕೊಳ್ಳಾಕತ್ತೀನಿ."

ಆಗ ಅವರಿಗೆ ನಲವತ್ತಾರು.

ಭಾನುವಾರ ಅವರ ಮನೆಗೆ ಹೋದೆ. ಎರಡು ಕೋಣೆಯ ಮನೆ. ಒಂದರಲ್ಲಿ ಗಂಡ ಹೊಲಿದಿಟ್ಟ ಬಟ್ಟೆಗಳು ಗೋಡೆತುಂಬ ನೇತಾಡುತ್ತಿದ್ದವು. ಮಗಳು ಲ್ಯಾಪ್‌ಟಾಪ್ ಎದುರು ಕೂತು ಫಾರ್ಮ್ ತುಂಬುತ್ತಿದ್ದಳು. ಅವಳದು ಹಿಂದಿ ಕಲಸಿದ ಕನ್ನಡ.

"ಅಮ್ಮೀ, ತೀನೋ ಸರ್ಟಿಫಿಕೇಟ್‌ದಾಗ ಬ್ಯಾರೆ ಬ್ಯಾರೆ ಹೆಸರು ಅದ. ಇದು ತೋ ರಿಜೆಕ್ಟ್ ಆಗ್ತದ."

"ನೋಟರಿ ಕಡೆ ಹೋಗಿ, ಈ ಮೂರೂ ಮಂದಿ ನಾನೇ ಅಂತ ಬರೆಸ್ಕೊಂಡು ಬರ್ತೀನಿ, ತಗೋ," ಅಂದರು ಆಪಾ. ಹಾಗೇ ಮಾಡಿದರು ಕೂಡ.

ಫಾರ್ಮಿನ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಈ ಕೋರ್ಸನ್ನು ಯಾಕೆ ಮಾಡಬಯಸುತ್ತೀರಿ, ಒಂದು ಪುಟದಲ್ಲಿ ಬರೆಯಿರಿ. ಆಪಾ ಕನ್ನಡದಲ್ಲಿ ಬರೆದು ಕೊಟ್ಟರೆ ಇಂಗ್ಲಿಷ್ ಮಾಡುವುದು ನನ್ನ ಪಾಲಿಗೆ ಬಂದಿತ್ತು. ರೂಲ್ ಹಾಳೆಯೊಂದನ್ನು ನನ್ನ ಕೈಗಿಟ್ಟು ಅವರು ಚಹಾ ಮಾಡಲು ಒಳಗೆ ಹೋದರು. ಓದಿದೆ.

ನಾನು ಕೆಲಸಕ್ಕೆ ಸೇರುವ ಮುಂಚಿನ ವರ್ಷದ ಮಾತು. ಹೊಟ್ಟೆಯ ಆಪರೇಷನ್ ಆದ ಒಬ್ಬ ರೋಗಿಯನ್ನು ಆಪಾ ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ರೋಗಿಯ ಕಾಲ್ಬೆರಳು ತಣ್ಣಗಾದವು. ಬಿ.ಪಿ. ಮೆಲ್ಲಗೆ ಇಳಿಯತೊಡಗಿತು, ಮೂತ್ರ ನಿಂತಿತು. ಆಪರೇಷನ್ ಮಾಡಿದ್ದ ಡಾಕ್ಟರು ಆಗ ಇನ್ನೊಂದು ಆಪರೇಷನ್ನಿನಲ್ಲಿದ್ದರು. ಆಪಾ ಫೋನ್ ಮಾಡಿದರು. ಕಾಯಿರಿ, ಬರುತ್ತೇನೆ ಎಂಬ ಉತ್ತರ ಬಂತು. ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ. ಡಾಕ್ಟರ ಮಾತಿಲ್ಲದೆ ನರ್ಸು ಸಲೈನ್ ವೇಗ ಹೆಚ್ಚಿಸುವಂತಿಲ್ಲ, ಔಷಧ ಹಾಕುವಂತಿಲ್ಲ. ಎರಡು ಗಂಟೆ ಹೋಯಿತು. ರೋಗಿ ಬದುಕಿದರು, ಎರಡೂ ಕಿಡ್ನಿ ಹೋದವು. "ಬೇರೆ ಡಾಕ್ಟರು ಇದ್ದರು. ಅವರಿಗೆ ಫೋನ್ ಮಾಡಬಹುದಿತ್ತು. ಒಬ್ಬರನ್ನು ದಾಟಿ ಇನ್ನೊಬ್ಬರಿಗೆ ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಹೆದರಿ ಮಾಡಲಿಲ್ಲ. ಇದು ನನ್ನ ತಪ್ಪು" ಎಂದು ಬರೆದಿದ್ದರು.

ಆ ರೋಗಿ ನನಗೂ ಗೊತ್ತು. ಸೊಲ್ಲಾಪುರದ ಕಾಕಾ. ಜೋಗೇಶ್ವರಿಯ ಒಂದು ಕಾರ್ಖಾನೆಯಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದವರು. ವಾರಕ್ಕೆ ಮೂರು ದಿನ ನಮ್ಮದೇ ಆಸ್ಪತ್ರೆಯ ನೆಲಮಾಳಿಗೆಗೆ ಡಯಾಲಿಸಿಸ್‌ಗೆ ಬರುತ್ತಿದ್ದರು. ಆಪಾ ಪ್ರತಿಸಲ ಕೆಳಗಿಳಿದು ಹೋಗಿ ಅವರನ್ನು ಮಾತಾಡಿಸಿ ಬರುತ್ತಿದ್ದರು. ಇಬ್ಬರದೂ ಒಂದೇ ಸೀಮೆಯ ಕನ್ನಡ, ಅದಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ.

"ಆಪಾ, ಇದು ಬೇಡ," ಅಂದೆ. "ಸೇವೆ ಮಾಡುವ ಆಸೆ, ಹೆಚ್ಚು ಕಲಿಯುವ ಆಸೆ ಅಂತ ಬರೆದರೆ ಸಾಕು. ತಪ್ಪನ್ನು ಯಾರಾದ್ರೂ ಅರ್ಜಿಯಲ್ಲಿ ಬರೀತಾರಾ?"

"ಯಾಕ ಓದಬೇಕಂತೀ ಅಂತ ಕೇಳ್ಯಾರ. ಇದ ಅದಕ್ಕ ಉತ್ತರ. ಬ್ಯಾರೆ ಏನ ಬರದರೂ ಸುಳ್ಳಾಗ್ತದ." ಚಹಾ ಸೋಸಿ ಲೋಟ ನನ್ನ ಮುಂದಿಟ್ಟು, "ಆದ್ರ ನೀ ಅಂದದ್ದು ಒಂದು ಖರೆ. ಹಿಂಗ ಕಳಿಸೂದು ಸರಿ ಅಲ್ಲ. ಕಾಕಾಗ ಮೊದಲ ಹೇಳಬೇಕು," ಅಂದರು.

ನಾನು ಹಾಗೆ ಅಂದೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಕೆಳಗೆ ಹೋದರು. ಕಾಕಾ ಮಷಿನ್ನಿಗೆ ಅಂಟಿಕೊಂಡು ಮಲಗಿದ್ದರು.

"ಕಾಕಾ, ನಿಮಗೊಂದು ಮಾತು ಹೇಳೂದದ. ಮೂರು ವರ್ಷ ಆತು, ಹೇಳಿಲ್ಲ."

"ಹೇಳವಾ. ನಾಕು ತಾಸು ಕಟ್ಟಿ ಹಾಕ್ಯಾರ, ನಾ ಎಲ್ಲಿ ಓಡಿ ಹೋಗ್ತೀನಿ?"

ಆಪಾ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಬರೆದದ್ದಕ್ಕಿಂತ ಒಂದು ಅಕ್ಷರ ಕಡಿಮೆ ಮಾಡಲಿಲ್ಲ. ಕಾಕಾ ಮುಖದ ಮೇಲಿನ ನಗು ಹೋಯಿತು. ಕೊಳವೆಯಲ್ಲಿ ಹರಿಯುತ್ತಿದ್ದ ತಮ್ಮದೇ ರಕ್ತವನ್ನು ನೋಡುತ್ತ ಮಲಗಿದ್ದರು.

"ನೀ ಆ ಇನ್ನೊಬ್ಬ ಡಾಕ್ಟರಿಗೆ ಫೋನ್ ಹಚ್ಚಿದ್ರ ನನ್ನ ಕಿಡ್ನಿ ಉಳೀತಿದ್ವು?"

"ಗೊತ್ತಿಲ್ಲ ಕಾಕಾ. ಉಳೀತಿದ್ವೋ ಏನೋ. ಉಳೀತಿರಲಿಲ್ಲ ಅಂತ ನನಗ ನಾನು ಹೇಳಿಕೊಂಡು ನೋಡೀನಿ. ನಂಬಿಕಿ ಬರವಲ್ದು."

"ಇವತ್ತು ಹೋಗು ತಂಗಿ," ಅಂದರು ಕಾಕಾ. "ಇವತ್ತು ನನಗ ಮಾತಾಡೂದಾಗೂದಿಲ್ಲ."

ಮೆಟ್ಟಿಲು ಹತ್ತುವಾಗ ನನಗೆ ಸಿಟ್ಟು ಬಂದಿತ್ತು. ಸುಮ್ಮನಿದ್ದಿದ್ದರೆ ಅವರಿಗೂ ಇವರಿಗೂ ನೆಮ್ಮದಿಯಿತ್ತಲ್ಲ ಎನಿಸಿತು. ಆಪಾ ಮೇಲೆ ಬಂದು ಅಂಗೈ ಉಜ್ಜಿಕೊಂಡು ಒಂದನೇ ಹಾಸಿಗೆಯಿಂದ ಕೆಲಸ ಶುರು ಮಾಡಿದರು. ಗುರುವಾರ ಕೆಳಗೆ ಹೋದಾಗ ಕಾಕಾ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಶನಿವಾರ ಅವರೇ ಡಯಾಲಿಸಿಸ್ ಟೆಕ್ನಿಷಿಯನ್ನನ ಕೈಲಿ ಹೇಳಿ ಕಳಿಸಿದರು.

"ನನ್ನ ಹೇಣತಿಗೆ ಹೇಳಿದೆ," ಅಂದರು. "ಆಕಿ ಬೈದಳು, ನಿನ್ನನ್ನಲ್ಲ, ನನ್ನ. ಆವತ್ತು ಐಸಿಯುದಾಗ ಆ ನರ್ಸು ಒಂದು ಸಲಾನೂ ನಿಮ್ಮ ಹಾಸಿಗಿ ಬಿಟ್ಟು ಹೋಗಲಿಲ್ಲ, ನಾ ಗಾಜಿನ ಬಾಗಲದಾಗಿಂದ ನೋಡಿಕೋತ ನಿಂತಿದ್ದೆ, ಅಂದಳು." ಉಸಿರು ಬಿಟ್ಟು ಮುಂದುವರಿದರು. "ನನಗ ಸಿಟ್ಟು ಇಲ್ಲ ಅನ್ನೂದಿಲ್ಲ. ಅದ. ಆದ್ರ ಬರಿ ನೀ. ನನ್ನ ಹೆಸರು ಹಾಕಬ್ಯಾಡ. ಲೇಥ್ ಮ್ಯಾಲ ಕೆಲಸ ಮಾಡತಿದ್ದ ಅಂತ ಮಾತ್ರ ಹಾಕು. ಬರೇ ಪೇಶಂಟ್ ಅಂತ ಬರದರ ಓದೋರಿಗೆ ಏನೂ ಕಾಣೂದಿಲ್ಲ."

ಆಪಾ ಹಾಗೇ ಬರೆಸಿದರು. ನಾನು ಕೂತು ಒಂದೊಂದೇ ಸಾಲನ್ನು ಇಂಗ್ಲಿಷ್ ಮಾಡಿದೆ; ಯಾವ ಡಾಕ್ಟರ ಹೆಸರೂ ಅದರಲ್ಲಿರಲಿಲ್ಲ. ಆದರೂ ಒಂದು ತೊಡಕು ಉಳಿದಿತ್ತು. ಅರ್ಜಿಯ ಜೊತೆಗೆ ಐಸಿಯು ಮುಖ್ಯಸ್ಥರ ಶಿಫಾರಸು ಪತ್ರ ಬೇಕು. ಮೂರು ಸಲ ಕಾಯಿರಿ ಅಂದಿದ್ದ ಡಾಕ್ಟರೇ ಈಗ ಐಸಿಯು ಮುಖ್ಯಸ್ಥರು. ಕೆಟ್ಟ ಮನುಷ್ಯರಲ್ಲ. ಕೈಗುಣದ ಡಾಕ್ಟರು, ಆಪಾ ಮೇಲೆ ಗೌರವವಿದ್ದವರು. ಬರೆದದ್ದನ್ನು ತೋರಿಸದೆ ಸಹಿ ಕೇಳಬಹುದಿತ್ತು. ಆಪಾ ಶಿಫಾರಸಿನ ಕಾಗದ, ತಾವು ಬರೆದ ಪುಟ ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟರು. ಡಾಕ್ಟರು ಎರಡು ಸಲ ಓದಿದರಂತೆ. ಈ ಒಂದು ಪ್ಯಾರಾ ತೆಗೆಯಿರಿ, ಸಂತೋಷದಿಂದ ಸಹಿ ಹಾಕುತ್ತೇನೆ ಎಂದರಂತೆ. ಆಪಾ ಥ್ಯಾಂಕ್ಸ್ ಹೇಳಿ ಕಾಗದ ತೆಗೆದುಕೊಂಡು ಬಂದರು.

"ಬೈದ್ರಾ?" ಎಂದು ಕೇಳಿದೆ.

"ಇಲ್ಲವಾ. ಪಾಪ, ಮುಖ ಸಣ್ಣದಾತು ಅವರದು."

ಅದರ ಬದಲಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಪತ್ರ ಕೊಟ್ಟರು, ಕಾಲೇಜಿನವರು ಒಪ್ಪಿಕೊಂಡರು. ಲಿಖಿತ ಪರೀಕ್ಷೆಯಲ್ಲಿ ಆಪಾ ಪಾಸಾದರು, ಸಂದರ್ಶನದಲ್ಲಿ ಮುಗ್ಗರಿಸಿದರು. ರಕ್ತದಲ್ಲಿ ಆಮ್ಲ ಹೆಚ್ಚಾದ ರೋಗಿಯ ಉಸಿರಾಟ ಯಾಕೆ ಜೋರಾಗುತ್ತದೆ ಎಂದು ಕೇಳಿದ್ದರು. ಅಂಥ ಉಸಿರನ್ನು ಬಾಗಿಲಲ್ಲಿ ನಿಂತೇ ಗುರುತಿಸಬಲ್ಲವರು, ಯಾಕೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲಾಗದೆ ತಡವರಿಸಿ ಬಂದರು. ಆ ವರ್ಷ ಸೀಟು ಸಿಗಲಿಲ್ಲ.

ಸಮಾಧಾನ ಹೇಳಬೇಕೆಂದು ಮಾತು ಜೋಡಿಸಿಕೊಂಡು ಮರುದಿನ ಬಸ್‌ಸ್ಟಾಪಿಗೆ ಹೋದೆ. ಅವರಾಗಲೇ ಒಂದು ಕಟ್ಟು ಕಾರ್ಡು ಹಿಡಿದು ನಿಂತಿದ್ದರು. ಗಂಡನ ಅಂಗಡಿಯ ರಟ್ಟು ಕತ್ತರಿಸಿ ಮಾಡಿದ್ದು. "ಏನು, ಹ್ಯಾಂಗ ಅನ್ನೂದು ನನಗ ಗೊತ್ತದ. ಯಾಕ ಅನ್ನೂದು ಗೊತ್ತಿಲ್ಲ. ನೀ ಕಾಲೇಜಿನ್ಯಾಗ ಈಗೀಗ ಓದಿ ಬಂದಾಕಿ. ಕೇಳು ನನ್ನ," ಅಂದರು.

ಲಿಂಕ್ ರೋಡಿನ ಟ್ರಾಫಿಕ್ಕಿಗೆ ನಾನು ಋಣಿಯಾದದ್ದು ಆ ಒಂದು ವರ್ಷ ಮಾತ್ರ. ಇಪ್ಪತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಅಷ್ಟೂ ಹೊತ್ತು ನಾನು ಕೇಳುವುದು, ಅವರು ಕಂಬಿ ಹಿಡಿದು ನಿಂತು ಉತ್ತರಿಸುವುದು. ಇಂಗ್ಲಿಷಿನಲ್ಲೇ ಹೇಳಬೇಕೆಂದು ನಿಯಮ. ನಡುವೆ ಸಿಕ್ಕಿಕೊಂಡರೆ ಕನ್ನಡದಲ್ಲಿ ಪೂರ್ತಿ ಮಾಡಿ, ಮತ್ತೆ ಮೊದಲಿಂದ ಇಂಗ್ಲಿಷಿನಲ್ಲಿ ಹೇಳುವರು. ದಿನಾ ನಮ್ಮ ಜೊತೆ ಬರುತ್ತಿದ್ದ ಒಬ್ಬ ಹೆಂಗಸು, ಮಗಳ ಪರೀಕ್ಷೆಯಾ ಎಂದು ಹಿಂದಿಯಲ್ಲಿ ಕೇಳಿದರು. "ನಹೀ, ಮೇರಾ," ಅಂದರು ಆಪಾ. ಆಕೆ ಎದ್ದು ನಿಂತು ತಮ್ಮ ಸೀಟು ಬಿಟ್ಟುಕೊಟ್ಟರು. ಓದುವವರು ಕೂರಬೇಕು ಎಂಬುದು ಆಕೆಯ ಅಭಿಪ್ರಾಯ.

ಎರಡನೇ ವರ್ಷ ಅರ್ಜಿ ಕರೆದಾಗ, ಒಂದು ಬೆಳಿಗ್ಗೆ ರೌಂಡ್ಸ್ ಮುಗಿಸಿದ ಡಾಕ್ಟರು ಆಪಾ ಹತ್ತಿರ ನಿಂತರು. ಈ ಸಲವೂ ಹಾಕುತ್ತಿದ್ದೀರಾ ಎಂದು ಕೇಳಿದರು. ಹೌದೆಂದಾಗ, ಕಾಗದ ತನ್ನಿ ಅಂದರು. ಆಪಾ ಅದೇ ಪುಟವನ್ನು ಒಯ್ದರು. ಒಂದು ಪದವನ್ನೂ ಬದಲಿಸಿರಲಿಲ್ಲ. ಸಂಜೆ ಮುಚ್ಚಿದ ಲಕೋಟೆಯಲ್ಲಿ ಶಿಫಾರಸು ಪತ್ರ ಬಂತು. ಒಳಗೆ ಏನಿತ್ತೆಂದು ನಮಗೆ ಗೊತ್ತಾದದ್ದು ಸಂದರ್ಶನದಲ್ಲಿ. ಅಲ್ಲಿದ್ದ ಹಿರಿಯ ಪ್ರಾಧ್ಯಾಪಕಿ ಅದರ ಕೊನೆಯ ಸಾಲನ್ನು ಓದಿ ಹೇಳಿದರಂತೆ: ಆ ಮಧ್ಯಾಹ್ನ ಈಕೆ ಫೋನ್ ಮಾಡಿದ್ದು ನನಗೆ, ಕಾಯಲು ಹೇಳಿದವನು ನಾನು.

"ಯಾಕ ಬರದ್ರಿ ಅಂತ ಡಾಕ್ಟರಿಗೆ ಕೇಳಲಿಲ್ಲೇನು ನೀವು?" ಎಂದು ಅವರದೇ ಧಾಟಿಯಲ್ಲಿ ಕೇಳಿದೆ.

"ಕೇಳಲಿಲ್ಲ. ಕೇಳಿದ್ರ ಅವರು ಏನಾರ ಹೇಳಬೇಕಾಗ್ತಿತ್ತು. ಅವರ ಕಡಿಂದ ಎಷ್ಟ ಹೇಳಿಸೂದು?"

ಸೀಟು ಸಿಕ್ಕಿತು. ಆ ಸುದ್ದಿ ಬಂದ ದಿನ ಅವರ ಗಂಡ, ಮಾತು ಕಡಿಮೆಯ ಮನುಷ್ಯ, ಅಳತೆಪಟ್ಟಿ ಹಿಡಿದು ಎದ್ದು ಬಂದು ಹೆಂಡತಿಯ ಭುಜದಳತೆ ತೆಗೆದರು. ಬಿಳಿ ಕೋಟನ್ನು ಅಂಗಡಿಯಿಂದ ಕೊಳ್ಳಲು ಬಿಡಲಿಲ್ಲ. ಕಾರ್ಡುಗಳಿಗೆಂದು ಒಳಬದಿಗೆ ಒಂದು ಜೇಬು ಇಟ್ಟು ತಾವೇ ಹೊಲಿದರು. ಎರಡು ವರ್ಷ ಆಪಾ ಕಾಲೇಜಿನ ಹಾಸ್ಟೆಲಿನಲ್ಲಿದ್ದು, ಮಗಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತರು. ಇಪ್ಪತ್ತೇಳರ ಡಾಕ್ಟರೊಬ್ಬರು ಸ್ಟೆತಾಸ್ಕೋಪ್ ಎಲ್ಲಿಡಬೇಕೆಂದು ಹೇಳಿಕೊಟ್ಟರೆ, "ಹೌದ್ರಿ ಸರ್" ಎಂದು ಬರೆದುಕೊಂಡರು. ವಾರಕ್ಕೊಮ್ಮೆ ನನಗೆ ಫೋನ್ ಬರುತ್ತಿತ್ತು. ಅರ್ಧ ಗಂಟೆ ಹೃದಯದ ಸದ್ದುಗಳ ಬಗ್ಗೆ, ಎರಡು ನಿಮಿಷ ಹಾಸ್ಟೆಲ್ ಊಟದ ಬಗ್ಗೆ. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ. ಕೋರ್ಸು ಮುಗಿದ ಮೇಲೆ ಡಾಕ್ಟರೇ ಆಡಳಿತದವರ ಜೊತೆ ಕೂತು, ನರ್ಸ್ ಪ್ರಾಕ್ಟೀಷನರ್ ಏನೇನು ಮಾಡಬಹುದು ಎಂಬ ನಿಯಮಗಳನ್ನು ಬರೆಸಿ ಅವರನ್ನು ವಾಪಸ್ ಕರೆಸಿಕೊಂಡರು. ಕಾಕಾ ಈಗಲೂ ಬರುತ್ತಾರೆ. ಸ್ವಲ್ಪ ಇಳಿದಿದ್ದಾರೆ, ಮಾತು ಮಾತ್ರ ಹಾಗೇ ಇದೆ. ಆಪಾ ಊರಿಗೆ ಹೊರಟಾಗ, ಸೊಲ್ಲಾಪುರದ ಮೇಲೇ ಹೋಗುವ ಗಾಡಿ, ತಮ್ಮ ತಂಗಿಯ ಮನೆಗೆ ಕೊಡು ಎಂದು ಒಂದು ಚೀಲ ಹೊರಿಸಿ ಕಳಿಸಿದರು.

ಆಪಾ ಕೋರ್ಸು ಮುಗಿಸಿ ಐಸಿಯುಗೆ ವಾಪಸ್ ಬಂದ ಹೊಸತರಲ್ಲಿ ಮಲಾಡಿನ ಒಬ್ಬ ಅಜ್ಜಿ ದಾಖಲಾಗಿದ್ದರು. ಕರುಳಿನ ಆಪರೇಷನ್ ಆಗಿ ಎರಡನೇ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಬಿ.ಪಿ. ಇಳಿಯತೊಡಗಿತು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು. ಆಪಾ ಅಜ್ಜಿಯನ್ನು ತಲೆಯಿಂದ ಕಾಲತನಕ ಪರೀಕ್ಷಿಸಿದರು. ರಕ್ತ ತೆಗೆಸಿ ಕಳಿಸಿದರು, ಸಲೈನ್ ಜೋರಾಗಿ ಬಿಡಿಸಿದರು, ನಿಯಮದಲ್ಲಿದ್ದ ಔಷಧವನ್ನು ಬರೆದು ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ಆಮೇಲೆ ಫೋನ್ ಎತ್ತಿ, "ಸರ್, ಶುರು ಮಾಡಿದ್ದೇನೆ. ನೀವು ಬರಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಾಲು ಗಂಟೆಯಲ್ಲಿ ಡಾಕ್ಟರು ಸಹಾಯಕರ ಕೈಗೆ ಆಪರೇಷನ್ ಒಪ್ಪಿಸಿ ಬಂದರು. ಚಾರ್ಟ್ ಓದಿದರು, ಅಜ್ಜಿಯನ್ನು ನೋಡಿದರು. "ಮುಂದುವರಿಸಿ," ಎಂದು ಆಪಾ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಅಜ್ಜಿ ಪೂರ್ತಿ ಎಚ್ಚರವಾಗಿದ್ದರು. ನಾವಿಬ್ಬರೂ ಹಾಸಿಗೆಯ ಹತ್ತಿರ ಹೋಗುತ್ತಲೇ ಮರಾಠಿಯಲ್ಲಿ ಶುರು ಮಾಡಿದರು. ತಮ್ಮ ಹಲ್ಲಿನ ಸೆಟ್ಟನ್ನು ಕದ್ದವರು ಯಾರು? ತಲೆ ಬಾಚಿಲ್ಲ ಯಾಕೆ? ಚಹಾ ಕೇಳಿದರೆ ಚಮಚದಲ್ಲಿ ನೀರು ಕೊಡುತ್ತೀರಲ್ಲ, ನಿಮ್ಮ ಮನೆಯಲ್ಲಿ ನೆಂಟರಿಗೆ ಹೀಗೇ ಮಾಡುತ್ತೀರಾ? ನಿನ್ನೆ ಕೈಗೆಲ್ಲ ಸೂಜಿ ಚುಚ್ಚಿದವಳು ನೀನೇ ಅಲ್ಲವಾ, ನನಗೆ ಗೊತ್ತಿದೆ. ನಾನು ತಡೆಯಲು ಹೋದೆ. ಆಪಾ ಕೈಸನ್ನೆಯಿಂದ ನನ್ನನ್ನೇ ತಡೆದರು. ಮುಖವೆಲ್ಲ ಹಿಗ್ಗಿತ್ತು.

"ಸುಮ್ಮನಿರು. ದನಿ ಎಷ್ಟು ಗಟ್ಟಿ ಅದ ಕೇಳು," ಅಂದರು. ಸ್ಟೂಲೊಂದನ್ನು ಎಳೆದುಕೊಂಡು ಅಜ್ಜಿಯ ಪಕ್ಕದಲ್ಲಿ ಕೂತರು, ಉಳಿದ ಬೈಗುಳ ಕೇಳಲಿಕ್ಕೆ.